ಕಲ್ಕತ್ತಾ ವಿಶ್ವವಿದ್ಯಾಲಯದ ಪದವೀಧರರೂ ಜಗತ್ತಾರಿಣೀ ಪದಕವೂ

ನಾಲಂದಾ ವಿಕ್ರಮಶಿಲಾ ಮೊದಲಾದ ಪುರಾತನ ವಿದ್ಯಾಸ್ಥಾನಗಳೂ, ಕನ್ನಡ ನಾಡಿನ ಘಟಿಕಾಸ್ಥಾನಗಳೂ ಮಠಗಳೂ ಶತಮಾನಗಳ ಕಾಲ ಈ ದೇಶದಲ್ಲಿ ಜ್ಞಾನದ ದೀಪವನ್ನು ಆರದಂತೆ ಕಾಪಾಡಿಕೊಂಡು ಬಂದುವು. ಅಲ್ಲಿ ಗುರುಸನ್ನಿಧಿಯಲ್ಲಿ ಕಲಿತವನಿಗೆ ಗುರುವಿನ ಮೆಚ್ಚಿಕೆಯೇ ಪದವಿ, ಗುರುವಿನ ಹಾರೈಕೆಯೇ ಬಹುಮಾನ. ಪರೀಕ್ಷೆಗೆ ಅಂಕಗಳು, ಅಂಕಗಳಿಗೆ ದರ್ಜೆ, ದರ್ಜೆಗೆ ಪದಕ ಎಂಬ ಈಗಿನ ಕ್ರಮವು ಭರತಖಂಡದಲ್ಲಿ ಬೇರೂರಿದುದು 1857ನೆಯ ಇಸವಿಯಿಂದ ಈಚೆಗೆ. ಆ ವರ್ಷದ ಜನವರಿ 24ರ ಕಾಯಿದೆಯಿಂದ ಕಲ್ಕತ್ತೆಯಲ್ಲಿಯೂ, ಜುಲೈ 18ರ ಕಾಯಿದೆಯಿಂದ ಮುಂಬಯಿಯಲ್ಲಿಯೂ, ಸೆಪ್ಟೆಂಬರ್ 5ರ ಕಾಯಿದೆಯಿಂದ ಮದರಾಸಿನಲ್ಲಿಯೂ ವಿಶ್ವವಿದ್ಯಾಲಯಗಳು ಸ್ಥಾಪಿತವಾದುವು. ಉತ್ತರ ಹಿಂದುಸ್ಥಾನವೆಲ್ಲ ಯುದ್ಧದ ಬೆಂಕಿಯಲ್ಲಿ ಬೇಯುತ್ತಿದ್ದ ವರ್ಷದಲ್ಲಿಯೇ ಈ ಮೂರು ಸಂಸ್ಥೆಗಳೂ ಕಣ್ಣು ತೆರೆದುದು ಕಾಲದ ವಿಚಿತ್ರವೆನ್ನಬೇಕು.

ಇವುಗಳಲ್ಲಿ ಕಲ್ಕತ್ತೆಯದು ಹಿರಿಯದು. ಮೊದಲಲ್ಲಿ ಅದರ ಅಧಿಕಾರವು ಪಶ್ಚಿಮಕ್ಕೆ ಲಾಹೋರಿನಿಂದ ಪೂರ್ವಕ್ಕೆ ರಂಗೂನಿನವರೆಗೆ ಹಬ್ಬಿದ್ದಿತು. ಆದರೆ ಅದು ಪಾಠ ಹೇಳುವ ಸಂಸ್ಥೆಯಾಗಿರಲಿಲ್ಲ. ಪರೀಕ್ಷೆ ಮಾಡಿ ಪದವಿ ಕೊಡುವ ಸಂಸ್ಥೆ ಮಾತ್ರ ಆಗಿದ್ದಿತು. ಪರೀಕ್ಷೆಯ ಭಾಷೆ ಇಂಗ್ಲಿಷು. ಕೆಲವೇ ವರ್ಷಗಳಲ್ಲಿ ಉನ್ನತ ಪರೀಕ್ಷೆಗಳಿಂದ ದೇಶಭಾಷೆಗಳು ಹೊರಬಿದ್ದು, ತಾಯಿಯ ಮಾತಿನಲ್ಲಿ ಒಂದು ವಾಕ್ಯವನ್ನೂ ಬರೆಯದೆ ಪಂಡಿತನೆನ್ನಿಸಿಕೊಳ್ಳುವ ಸ್ಥಿತಿಯು ಒದಗಿತು. ಹೀಗೆ ಹೊರದೂಡಲ್ಪಟ್ಟ ಮಾತೃಭಾಷೆಯನ್ನು ಅದೇ ವಿಶ್ವವಿದ್ಯಾಲಯದ ಪದವೀಧರರೇ ಕೈಹಿಡಿದು ಮರಳಿ ಒಳಗೆ ಕರೆತಂದು ಗೌರವದ ಪೀಠದ ಮೇಲೆ ಕುಳ್ಳಿರಿಸಿದರು. ಆ ಕಥೆಯನ್ನು ಅಲ್ಲಿಯ ಪದಕ ಪಾರಿತೋಷಕಗಳಿಗಿರುವ ಹೆಸರುಗಳೇ ಹೇಳುತ್ತವೆ.

ಪ್ರಥಮ ಬಿ.ಎ. ಪರೀಕ್ಷೆ ನಡೆದುದು 1858ರಲ್ಲಿ. ಕುಳಿತವರು ಬೆರಳೆಣಿಕೆಯ ಮಂದಿ. ಅವರಲ್ಲಿ ಎಲ್ಲ ವಿಷಯಗಳಲ್ಲಿಯೂ ಉತ್ತೀರ್ಣನಾದವನು ಒಬ್ಬನೂ ಇರಲಿಲ್ಲ! ಒಂದು ವಿಷಯದಲ್ಲಿ ಮಾತ್ರ ಏಳು ಅಂಕಗಳನ್ನು ಮೀರದಷ್ಟು ಕೊರತೆ ಬಿದ್ದಿದ್ದ ಇಬ್ಬರಿಗೆ ಸಿಂಡಿಕೇಟು ಸಭೆಯವರು ವಿಶೇಷ ಕೃಪೆಯಿಂದ ಪದವಿಯನ್ನು ದಯಪಾಲಿಸಿದರು. ಒಬ್ಬರು ಯದುನಾಥ ಬಸು. ಮತ್ತೊಬ್ಬರು ಬಂಕಿಮಚಂದ್ರ ಚಟ್ಟೋಪಾಧ್ಯಾಯರು. ಕೃಪಾಂಕದಿಂದ ಪಾಸಾದವನೆಂದು ಮನೆಯಲ್ಲಿ ನಿಂದೆಗೊಳಗಾಗುವ ವಿದ್ಯಾರ್ಥಿಗಳು ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬಹುದು. ಬಂಕಿಮಚಂದ್ರರು ಅದೇ ವರ್ಷ ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿ ಸರಕಾರದ ಸೇವೆಗೆ ಸೇರಿದರು. ಹಗಲೆಲ್ಲ ಇಂಗ್ಲಿಷಿನಲ್ಲಿ ತೀರ್ಪು ಬರೆದು ಬಳಲಿದ ಕೈಯೇ 1865ರಲ್ಲಿ 'ದುರ್ಗೇಶನಂದಿನಿ'ಯನ್ನು ಬರೆಯಿತು; 1872ರಲ್ಲಿ 'ವಂಗದರ್ಶನ'ವೆಂಬ ಮಾಸಪತ್ರಿಕೆಯನ್ನು ಹೊರಡಿಸಿತು; 1882ರಲ್ಲಿ 'ಆನಂದಮಠ'ವನ್ನು ಪುಸ್ತಕರೂಪದಲ್ಲಿ ಲೋಕಕ್ಕಿತ್ತಿತು. 'ವಂದೇ ಮಾತರಂ' ಗೀತವಿರುವುದು ಆ ಕಾದಂಬರಿಯಲ್ಲಿಯೇ.

ಈ ಮಹನೀಯರ ಋಣವು ಕನ್ನಡಿಗರ ಮೇಲೆಯೂ ಇದೆ. ಮೈಸೂರು ಸೀಮೆಯ ಬಿ. ವೆಂಕಟಾಚಾರ್ಯರು ವಂಗಭಾಷೆಯನ್ನು ಸ್ವಂತ ಪರಿಶ್ರಮದಿಂದ ಕಲಿತು ಬಂಕಿಮರ ಕಾದಂಬರಿಗಳನ್ನು ಒಂದಾದ ಮೇಲೊಂದರಂತೆ ಕನ್ನಡಕ್ಕೆ ತಂದರು. ಕನ್ನಡದಲ್ಲಿ ಕಾದಂಬರಿಯನ್ನು ಓದುವ ರುಚಿಯನ್ನು ಹುಟ್ಟಿಸಿದವರಲ್ಲಿ ಅವರು ಅಗ್ರಗಣ್ಯರು. ಹೀಗೆ ಕಲ್ಕತ್ತೆಯ ಪ್ರಥಮ ಪದವೀಧರನ ಲೇಖನಿಯ ಫಲವು, ಕಲ್ಕತ್ತೆಯನ್ನು ಕಂಡರಿಯದ ಸಹಸ್ರಾರು ಕನ್ನಡ ಮನೆಗಳನ್ನು ಸೇರಿತು.

ಪದವಿ ಪಡೆದವರಲ್ಲಿ ಅತ್ಯಂತ ಮೇಧಾವಿಗಳಾದವರಿಗೆ ಸಲ್ಲುವ ಬಹುಮಾನಗಳಲ್ಲಿ ದೀರ್ಘಕಾಲ ಶಿಖರಪ್ರಾಯವಾಗಿದ್ದುದು ಪ್ರೇಮಚಂದ ರಾಯಚಂದ ವಿದ್ಯಾರ್ಥಿವೇತನ. ಪ್ರೇಮಚಂದರು ವಂಗದೇಶದವರೂ ಅಲ್ಲ, ಕಲ್ಕತ್ತೆಯ ಪದವೀಧರರೂ ಅಲ್ಲ. ಗುಜರಾತಿನ ಸೂರತದಿಂದ ಮುಂಬಯಿಗೆ ಬಂದ ಜೈನ ವರ್ತಕರು. ಅಮೇರಿಕದ ಅಂತರ್ಯುದ್ಧದ ದೆಸೆಯಿಂದ ಹತ್ತಿಯ ಬೆಲೆ ಗಗನಕ್ಕೇರಿದಾಗ ಕೋಟ್ಯಧೀಶರಾಗಿ, 1865ರಲ್ಲಿ ಯುದ್ಧ ನಿಂತು ಬೆಲೆ ಕುಸಿದಾಗ ಸಿರಿಯನ್ನು ಕಳೆದುಕೊಂಡವರು. ಆದರೆ ವಿದ್ಯೆಗಾಗಿ ಕೊಟ್ಟುದು ಮಾತ್ರ ಕರಗಲಿಲ್ಲ. ಕಲ್ಕತ್ತೆಗೆ ಅವರಿತ್ತ ಎರಡು ಲಕ್ಷ ರೂಪಾಯಿಗಳು 1866ರಿಂದ ಮೂಲಧನವಾಗಿ ನಿಂತುವು. ಮುಂಬಯಿಯ ವಿಶ್ವವಿದ್ಯಾಲಯಕ್ಕೆ ಅವರು ಕಟ್ಟಿಸಿಕೊಟ್ಟ ಗಡಿಯಾರದ ಗೋಪುರವು 1878ರಲ್ಲಿ ಪೂರ್ಣವಾಯಿತು. ಅದಕ್ಕೆ ಅವರು ತಮ್ಮ ಹೆಸರನ್ನಿಡದೆ ತಾಯಿ ರಾಜಾಬಾಯಿಯ ಹೆಸರನ್ನಿಟ್ಟರು. ಪ್ರೇಮಚಂದರ ವಿದ್ಯಾರ್ಥಿವೇತನವನ್ನು ಪಡೆದ ಆನಂದಮೋಹನ ಬಸುಗಳು ಕೇಂಬ್ರಿಜ್ಜಿಗೆ ಹೋಗಿ 1874ರಲ್ಲಿ ಭಾರತೀಯರಲ್ಲಿ ಮೊದಲನೆಯ ರ‍್ಯಾಂಗ್ಲರ್ ಆದರು. 1897ರಲ್ಲಿ ಪಡೆದ ಯದುನಾಥ ಸರಕಾರರು ಮೊಗಲ್ ಚರಿತ್ರೆಗೆ ಆಚಾರ್ಯರೆನ್ನಿಸಿಕೊಂಡರು. 1886ರಲ್ಲಿ ಅದನ್ನು ಪಡೆದ ಆಶುತೋಷ ಮುಖೋಪಾಧ್ಯಾಯರ ವಿಷಯವು ಮುಂದೆ ವಿಸ್ತಾರವಾಗಿ ಬರುವುದು.

ಸ್ತ್ರೀಯರ ಮಾತನ್ನು ಇಲ್ಲಿಯೇ ಹೇಳಬೇಕು. 1878ರಲ್ಲಿ ಈ ವಿಶ್ವವಿದ್ಯಾಲಯವು ಸ್ತ್ರೀಯರಿಗೆ ಪರೀಕ್ಷೆಯ ಬಾಗಿಲನ್ನು ತೆರೆಯಿತು. ಬೆಥೂನ್ ಕಾಲೇಜಿನ ಚಂದ್ರಮುಖೀ ಬಸು, ಕಾದಂಬಿನೀ ಬಸು ಎಂಬಿಬ್ಬರು 1883ರಲ್ಲಿ ಬಿ.ಎ. ಪದವೀಧರೆಯರಾದರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವು ಸ್ತ್ರೀಯರಿಗೆ ಪದವಿ ಕೊಡಲಾರಂಭಿಸಿದುದು 1920ರಲ್ಲಿ; ಕೇಂಬ್ರಿಜ್ಜು ಪೂರ್ಣಪದವಿಯನ್ನು ಕೊಟ್ಟುದು 1948ರಲ್ಲಿ. ಚಂದ್ರಮುಖೀದೇವಿಯರು ಮರುವರ್ಷವೇ ಎಂ.ಎ. ಆಗಿ ತರುವಾಯ ಬೆಥೂನ್ ಕಾಲೇಜಿನ ಪ್ರಿನ್ಸಿಪಾಲರ ಪದವಿಯನ್ನಲಂಕರಿಸಿದರು. ಕಾದಂಬಿನೀದೇವಿಯರು ದ್ವಾರಕಾನಾಥ ಗಂಗೋಪಾಧ್ಯಾಯರನ್ನು ವರಿಸಿ, ವೈದ್ಯಕಾಲೇಜನ್ನು ಹೊಕ್ಕು, 1886ರಲ್ಲಿ ಪಾಶ್ಚಾತ್ಯ ವೈದ್ಯದ ಅಧಿಕಾರಪತ್ರವನ್ನು ಪಡೆದು, ಅನೇಕ ಮಕ್ಕಳ ತಾಯಿಯಾಗಿಯೂ ರೋಗಿಗಳ ಸೇವೆಯನ್ನು ಬಿಡದೆ ನಡೆಯಿಸಿದರು. ಅದೇ 1886ರಲ್ಲಿ ಸಂಸ್ಕೃತವನ್ನು ವಿಶೇಷ ವಿಷಯವಾಗಿ ತೆಗೆದುಕೊಂಡು ಬಿ.ಎ. ಆದ ಕಾಮಿನೀ ರಾಯರ ಹೆಸರೂ ಮುಂದೆ ಬರಲಿರುವುದು.

ಆ ಕಾಲದಲ್ಲಿ ಜನರಲ್ ಅಸೆಂಬ್ಲಿ ವಿದ್ಯಾಲಯದಲ್ಲಿ ಇಬ್ಬರು ತರುಣರು ತತ್ತ್ವಶಾಸ್ತ್ರವನ್ನು ಓದುತ್ತ, ದೇವರಿರುವನೋ ಇಲ್ಲವೋ ಎಂದು ವಾದ ಮಾಡುತ್ತಿದ್ದರು. ಒಬ್ಬರು ನರೇಂದ್ರನಾಥ ದತ್ತರು, 1884ರಲ್ಲಿ ಬಿ.ಎ. ಆದ ಈ ತರುಣರೇ ಸ್ವಾಮಿ ವಿವೇಕಾನಂದರು. ಅವರಿಗೆ ವಿಶ್ವವಿದ್ಯಾಲಯದ ಪದಕವೊಂದೂ ಸಲ್ಲಲಿಲ್ಲವೆಂಬುದರಿಂದ ಅವರಿಗಾದ ನಷ್ಟವೇನೂ ಇಲ್ಲ. 1892ರಲ್ಲಿ ಅವರು ಬೆಳಗಾವಿ, ಬೆಂಗಳೂರು, ಮೈಸೂರುಗಳಿಗೆ ಬಂದುದೂ, ಚಾಮರಾಜೇಂದ್ರ ಒಡೆಯರವರ ಆದರಕ್ಕೆ ಪಾತ್ರರಾದುದೂ ಸರ್ವವಿದಿತವಾಗಿದೆ. ಮತ್ತೊಬ್ಬರು ಬ್ರಜೇಂದ್ರನಾಥ ಶೀಲರು. ಅವರು ಕಲ್ಕತ್ತೆಯಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ಆ ಮೇಲೆ ಮೈಸೂರು ವಿಶ್ವವಿದ್ಯಾಲಯದ ವೈಸ್ ಛಾನ್ಸಲರಾಗಿ 1930ರವರೆಗೆ ಆ ಪೀಠದಲ್ಲಿದ್ದು, ಸಂಸ್ಥಾನದ ರಾಜ್ಯಾಂಗ ಸುಧಾರಣೆಯ ಸಮಿತಿಗೂ ಅಧ್ಯಕ್ಷರಾದರು. ಒಂದೇ ಗುರುಪೀಠದ ಕೆಳಗೆ ಕುಳಿತ ಇಬ್ಬರು ಗೆಳೆಯರಲ್ಲಿ ಒಬ್ಬನು ಭಿಕ್ಷಾಪಾತ್ರೆಯನ್ನು ಹಿಡಿದು, ಮತ್ತೊಬ್ಬನು ಪಾಂಡಿತ್ಯದ ಭಾರವನ್ನು ಹೊತ್ತು, ಇಬ್ಬರೂ ಕನ್ನಡ ನೆಲವನ್ನು ತುಳಿದರು.

ಇನ್ನು ಆಶುತೋಷ ಮುಖೋಪಾಧ್ಯಾಯರು. 1864ರ ಜೂನ್ 29ರಂದು ಜನಿಸಿದ ಇವರು ಭವಾನೀಪುರದ ವೈದ್ಯರಾದ ಗಂಗಾಪ್ರಸಾದರಿಗೂ ಜಗತ್ತಾರಿಣೀದೇವಿಗೂ ಪುತ್ರರು. ಗಣಿತದಲ್ಲಿ ಒಂದು ಎಂ.ಎ., ಪದಾರ್ಥವಿಜ್ಞಾನದಲ್ಲಿ ಮತ್ತೊಂದು ಎಂ.ಎ.; ಇನ್ನೂ ವಿದ್ಯಾರ್ಥಿಯಾಗಿರುವಾಗಲೇ ಇವರ ಗಣಿತಲೇಖನಗಳು ಇಂಗ್ಲೆಂಡಿನ ಪತ್ರಿಕೆಯಲ್ಲಿ ಅಚ್ಚಾದುವು. ಗಣಿತವೇ ಇವರ ಪ್ರಾಣ. ಆದರೆ ಆ ಪ್ರಾಣವನ್ನು ಪೋಷಿಸುವ ಪ್ರಾಧ್ಯಾಪಕ ಪೀಠವು ಭಾರತೀಯನಿಗೆ ಸಮಾನಗೌರವದಿಂದ ದೊರಕುವ ಕಾಲ ಅದಾಗಿರಲಿಲ್ಲ. ಆದುದರಿಂದ ಅವರು ನ್ಯಾಯಶಾಸ್ತ್ರವನ್ನು ಹಿಡಿದು 1904ರಲ್ಲಿ ಹೈಕೋರ್ಟಿನ ನ್ಯಾಯಾಧೀಶರಾದರು. ತಮಗೆ ದೊರಕದ ಪೀಠವನ್ನು ಮುಂದಿನವರಿಗಾಗಿ ತಾವೇ ಕಟ್ಟಿಕೊಟ್ಟುದು ಇವರ ಬಾಳಿನ ಸಾರ.

1889ರಲ್ಲಿ, ಇಪ್ಪತ್ತೈದನೆಯ ವಯಸ್ಸಿಗೆ, ಇವರು ಸೆನೆಟ್ ಸಭೆಯ ಸದಸ್ಯರಾದರು. 1891ರಲ್ಲಿ ಪರೀಕ್ಷೆಗಳಲ್ಲಿ ದೇಶಭಾಷೆಗಳಿಗೆ ಸ್ಥಾನವಿರಬೇಕೆಂದು ಸೂಚನೆ ತಂದರು. ಮುಪ್ಪಿನ ಬಂಕಿಮಚಂದ್ರರು ಅವರ ಪಕ್ಷದಲ್ಲಿ ನಿಂತರು. ಸೂಚನೆಯು ಬಿದ್ದು ಹೋಯಿತು. ಅದನ್ನು ಬೀಳಿಸಿದವರಲ್ಲಿ ಬಿಳಿಯರು ಮಾತ್ರವೇ ಇರಲಿಲ್ಲ. ಮನೆಯಲ್ಲಿ ವಂಗಭಾಷೆಯನ್ನಾಡುವ ಪಂಡಿತರೂ ಇದ್ದರೆಂಬುದು ಕಹಿಯಾದ ಮಾತು. ಆಶುತೋಷರು ಕಾದರು. 1906ರಲ್ಲಿ ತಾವೇ ವೈಸ್ ಛಾನ್ಸಲರಾದಾಗ ಹೊಸ ನಿಯಮಗಳಲ್ಲಿ ಮಾತೃಭಾಷೆಯ ರಚನೆಯನ್ನು ಬಿ.ಎ.ವರೆಗೂ ಸೇರಿಸಿದರು, 1919ರಲ್ಲಿ ದೇಶಭಾಷೆಗಳಲ್ಲಿ ಎಂ.ಎ. ವ್ಯಾಸಂಗವನ್ನೇ ಏರ್ಪಡಿಸಿದರು.

ಪರೀಕ್ಷೆಯ ಯಂತ್ರವಾಗಿದ್ದ ಸಂಸ್ಥೆಯನ್ನು ವಿದ್ಯೆಯ ಕ್ಷೇತ್ರವಾಗಿ ಮಾಡಲು ಹಣ ಬೇಕಾಗಿದ್ದಿತು. ಅದನ್ನು ಕೊಟ್ಟವರು ವಕೀಲರು. 1912ರಲ್ಲಿ ತಾರಕನಾಥ ಪಾಲಿತರು ತಮ್ಮ ಆಸ್ತಿಯನ್ನು ಒಪ್ಪಿಸಿದರು. ಮರುವರ್ಷ ರಾಸವಿಹಾರೀ ಘೋಷರು ಹತ್ತು ಲಕ್ಷ ರೂಪಾಯಿಗಳನ್ನಿತ್ತರು. ಘೋಷರು ಇದೇ ವಿಶ್ವವಿದ್ಯಾಲಯದ ಎಂ.ಎ., ಇದೇ ವಿಶ್ವವಿದ್ಯಾಲಯದ ನ್ಯಾಯಶಾಸ್ತ್ರದ ಡಾಕ್ಟರು. ಪಾಲಿತರ ಪೀಠಗಳಲ್ಲಿ ಭಾರತೀಯರೇ ಕುಳ್ಳಿರಬೇಕೆಂಬುದು ದಾನದ ಕಟ್ಟಳೆ. 1914ರಲ್ಲಿ ವಿಜ್ಞಾನ ಕಾಲೇಜಿಗೆ ಅಸ್ತಿಭಾರ ಬಿದ್ದಿತು. ಪಾಲಿತ ಪೀಠವನ್ನು 1917ರಲ್ಲಿ ಅಲಂಕರಿಸಿದವರು ಮದರಾಸಿನ ಪದವೀಧರರಾದ ಚಂದ್ರಶೇಖರ ವೆಂಕಟರಾಮನ್ನರು. 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದು, 1933ರಲ್ಲಿ ಬೆಂಗಳೂರಿಗೆ ಬಂದು ಕೊನೆಯವರೆಗೂ ಅಲ್ಲಿಯೇ ನೆಲೆಸಿದವರು. 1918ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಪ್ರಥಮ ಘಟಿಕೋತ್ಸವವು ನಡೆದಾಗ ಭಾಷಣ ಮಾಡಲು ಕಲ್ಕತ್ತೆಯಿಂದ ಆಮಂತ್ರಿತರಾಗಿ ಬಂದವರು ಆಶುತೋಷರೇ.

ತಾಯಿಯಲ್ಲಿ ಇವರಿಗಿದ್ದ ಭಕ್ತಿಯ ಬಗೆಗೆ ವಂಗದೇಶದಲ್ಲಿ ಒಂದು ಐತಿಹ್ಯವುಂಟು. ಇಂಗ್ಲೆಂಡಿಗೆ ಹೋಗಿ ಬರಬೇಕೆಂದು ಲಾರ್ಡ್ ಕರ್ಜನ್ನರು ಹೇಳಿದಾಗ, ತಾಯಿಯ ಸಮ್ಮತಿಯಿಲ್ಲವೆಂದು ಆಶುತೋಷರು ತಿಳಿಸಿದರಂತೆ. ವೈಸರಾಯರ ಆಜ್ಞೆಯಾಗಿದೆಯೆಂದು ತಾಯಿಗೆ ಹೇಳಿರೆಂದು ಕರ್ಜನ್ನರು ನುಡಿಯಲು, ತನ್ನ ಮಗನಿಗೆ ಆಜ್ಞೆ ಮಾಡುವ ಅಧಿಕಾರವನ್ನು ಜಗತ್ತಾರಿಣೀದೇವಿಯು ತನ್ನನ್ನುಳಿದು ಮತ್ತಾರಿಗೂ, ವೈಸರಾಯರಿಗೂ ಸಹ, ಕೊಡಲೊಪ್ಪಳೆಂದು ಉತ್ತರ ಬಂದಿತಂತೆ. ಹೇಗೇ ಇರಲಿ, ಆಶುತೋಷರು ವಿಲಾಯಿತಿಗೆ ಹೋಗಲಿಲ್ಲ.

ಈ ತಾಯಿಯ ಹೆಸರಿನಲ್ಲಿಯೇ ಅವರು ವಿಶ್ವವಿದ್ಯಾಲಯದಲ್ಲಿ ಒಂದು ಸುವರ್ಣಪದಕವನ್ನು ಸ್ಥಾಪಿಸಿದರು. ಅದು ಇಂಗ್ಲಿಷಿನಲ್ಲಿ ಬರೆದವರಿಗಲ್ಲ, ಪರೀಕ್ಷೆಯಲ್ಲಿ ಮೊದಲಿಗರಾದವರಿಗೂ ಅಲ್ಲ. ವಂಗಭಾಷೆಯಲ್ಲಿ ಸ್ವತಂತ್ರ ಕೃತಿಗಳನ್ನು ರಚಿಸಿದವರಿಗೆ. ಹೆತ್ತ ತಾಯಿಯ ಹೆಸರಿನಿಂದ ತಾಯ್ನುಡಿಗೆ ಸಲ್ಲಿಸಿದ ಈ ಕಾಣಿಕೆಯ ಔಚಿತ್ಯವನ್ನು ವಿವರಿಸಬೇಕಾದುದಿಲ್ಲ. 1921ರಲ್ಲಿ ಪ್ರಥಮ ಪದಕವು ರವೀಂದ್ರನಾಥ ಠಾಕೂರರಿಗೆ ಸಂದಿತು. ಅವರು ಯಾವ ಪರೀಕ್ಷೆಯಲ್ಲಿಯೂ ತೇರ್ಗಡೆಯಾದವರಲ್ಲ. ಶಾಲೆಯ ಗೋಡೆಗಳನ್ನು ಕಂಡರೆ ಬಾಲ್ಯದಿಂದಲೂ ಅವರಿಗೆ ಆಗದು. 1913ರಲ್ಲಿ, ನೊಬೆಲ್ ಪಾರಿತೋಷಕ ಬಂದ ವರ್ಷದಲ್ಲಿಯೇ, ಆಶುತೋಷರ ಕಾಲದಲ್ಲಿಯೇ, ಅವರಿಗೆ ಗೌರವ ಡಾಕ್ಟರ್ ಪದವಿಯನ್ನು ಈ ವಿಶ್ವವಿದ್ಯಾಲಯವು ಕೊಟ್ಟಿದ್ದಿತು. 1923ರಲ್ಲಿ ಪದಕವನ್ನು ಪಡೆದವರು ಶರಚ್ಚಂದ್ರ ಚಟ್ಟೋಪಾಧ್ಯಾಯರು. ಬಡತನದ ದೆಸೆಯಿಂದ ಕಾಲೇಜು ವ್ಯಾಸಂಗವನ್ನು ಅರ್ಧದಲ್ಲಿ ಬಿಟ್ಟು ಬರ್ಮಾದೇಶದಲ್ಲಿ ಗುಮಾಸ್ತಿಕೆ ಮಾಡಿದವರು. 1927ರಲ್ಲಿ ಸ್ವರ್ಣಕುಮಾರೀದೇವಿಯರು, ರವೀಂದ್ರರ ಅಕ್ಕ, ಮನೆಯೊಳಗೇ ಕಲಿತು ಕಾದಂಬರಿ ಬರೆದು ಪತ್ರಿಕೆ ನಡೆಯಿಸಿದ ವಿದುಷಿ. 1929ರಲ್ಲಿ ಮೇಲೆ ಹೇಳಿದ ಕಾಮಿನೀ ರಾಯರು. ಪದಕಪಂಕ್ತಿಯ ಮೊದಲಿನಲ್ಲಿಯೇ ಪದವಿಯಿಲ್ಲದವರು ಇಷ್ಟು ಮಂದಿ ಇರುವುದನ್ನು ಕಂಡರೆ, ಪದವಿ ಕೊಡುವ ಸಂಸ್ಥೆಯೇ ಪದವಿಗಿಂತ ಹಿರಿದಾದುದೊಂದಿದೆಯೆಂದು ಒಪ್ಪಿ ತಲೆಬಾಗಿದಂತಾಯಿತು. ಅಷ್ಟು ವಿನಯವು ವಿದ್ವತ್ಸಭೆಗಳಲ್ಲಿ ಸುಲಭವಾಗಿ ಕಾಣಸಿಗುವಂಥದಲ್ಲ.

ಆಶುತೋಷರು ಇಟ್ಟ ಮತ್ತೊಂದು ಹೆಸರಿನ ಹಿಂದೆ ದುಃಖವಿದೆ. ಅವರ ಮಗಳು ಕಮಲೆಯು ಬಾಲ್ಯದಲ್ಲಿಯೇ ವಿಧವೆಯಾದಳು. 1908ರಲ್ಲಿ, ಬಂಧುಬಳಗದ ವಿರೋಧವನ್ನೂ ಸಮಾಜದ ಬಹಿಷ್ಕಾರದ ಬೆದರಿಕೆಯನ್ನೂ ಲೆಕ್ಕಿಸದೆ, ತಂದೆ ಆಕೆಗೆ ಪುನರ್ವಿವಾಹ ಮಾಡಿದರು. ಆ ಪತಿಯೂ ಬಹುಕಾಲ ಬಾಳಲಿಲ್ಲ. 1923ರಲ್ಲಿ ಕಮಲೆಯೂ ತೀರಿಕೊಂಡಳು. ಮರುವರ್ಷ ತಂದೆ ಆಕೆಯ ಹೆಸರಿನಲ್ಲಿ ಕಮಲಾ ಉಪನ್ಯಾಸಗಳನ್ನು ಸ್ಥಾಪಿಸಿ, ಅದೇ 1924ರ ಮೇ 25ರಂದು ಪಾಟ್ನಾದಲ್ಲಿ ದೇಹವನ್ನಿಟ್ಟರು. ಆ ಪೀಠದಿಂದ ಆನಿ ಬೆಸೆಂಟರೂ, ಶ್ರೀನಿವಾಸ ಶಾಸ್ತ್ರಿಗಳೂ ಮಾತನಾಡಿದರು. 1933ರಲ್ಲಿ ರವೀಂದ್ರರು ಮಾನವಧರ್ಮವನ್ನು ಕುರಿತು ಅಲ್ಲಿ ಉಪನ್ಯಾಸ ಮಾಡಿದುದು ವಂಗಭಾಷೆಯಲ್ಲಿ.

ಹೆಸರಿಡುವ ಈ ಸಂಪ್ರದಾಯವು ಒಬ್ಬರಿಂದೊಬ್ಬರಿಗೆ ಸಾಗಿತು. ಆಚಾರ್ಯ ಪ್ರಫುಲ್ಲಚಂದ್ರ ರಾಯರು ಕಲ್ಕತ್ತೆಯಲ್ಲಿ ಬಿ.ಎ.ಗೆ ಓದುತ್ತಿರುವಾಗಲೇ ವಿದ್ಯಾರ್ಥಿವೇತನ ದೊರಕಿ ಎಡಿನ್‌ಬರೋಕ್ಕೆ ಹೋದವರು. ಹಿಂದಿರುಗಿ ಬಂದು ಪಾಲಿತ ರಸಾಯನ ಪೀಠದಲ್ಲಿ ಕುಳಿತ ಅವರು, ಅರುವತ್ತು ತುಂಬಿದ ಮೇಲೆ ತಮ್ಮ ಸಂಬಳವನ್ನು ವಿಶ್ವವಿದ್ಯಾಲಯಕ್ಕೇ ಬಿಟ್ಟುಕೊಟ್ಟು, 1922ರಲ್ಲಿ ರಸಾಯನಶಾಸ್ತ್ರದ ಉತ್ತಮ ಸಂಶೋಧನೆಗಾಗಿ ನಾಗಾರ್ಜುನ ಪಾರಿತೋಷಕವನ್ನು ಸ್ಥಾಪಿಸಿದರು. ಮುಂದೆ ಪ್ರಾಣಿಶಾಸ್ತ್ರ ಸಸ್ಯಶಾಸ್ತ್ರಗಳಿಗಾಗಿ ಸ್ಥಾಪಿಸಿದ ಪಾರಿತೋಷಕಕ್ಕೆ ಆಶುತೋಷರ ಹೆಸರನ್ನಿಟ್ಟರು. ಬ್ರಹ್ಮಚಾರಿಯಾಗಿದ್ದ ಆ ಆಚಾರ್ಯರು ಕಾಲೇಜಿನ ಒಂದು ಕೋಣೆಯಲ್ಲಿಯೇ ವಾಸಮಾಡುತ್ತಿದ್ದರು.

ಅದೇ ವಿಜ್ಞಾನ ಕಾಲೇಜಿಗೆ ಆಶುತೋಷರು ಕರೆತಂದ ತರುಣರಲ್ಲಿ ಸತ್ಯೇಂದ್ರನಾಥ ಬಸು, ಮೇಘನಾದ ಸಾಹಾ ಎಂಬ ಸಹಪಾಠಿಗಳಿದ್ದರು. 1915ರ ಎಂ.ಎಸ್‌ಸಿ. ಗಣಿತ ಪರೀಕ್ಷೆಯಲ್ಲಿ ಬಸು ಮೊದಲಿಗರು, ಸಾಹಾ ಎರಡನೆಯವರು. 1924ರಲ್ಲಿ ಬಸುಗಳು ಬರೆದ ನಾಲ್ಕಾರು ಪುಟಗಳ ಲೇಖನವನ್ನು ಐನ್‌ಸ್ಟೈನರು ತಾವೇ ಜರ್ಮನ್ ಭಾಷೆಗೆ ತಿರುಗಿಸಿ ಪ್ರಕಟಿಸಿದರು. ನೊಬೆಲ್ ಪಾರಿತೋಷಕವು ಅವರಿಗೆ ಬರಲಿಲ್ಲ. ಆದರೆ ಜಗತ್ತಿನ ಮೂಲಕಣಗಳಲ್ಲಿ ಒಂದು ವರ್ಗಕ್ಕೇ 'ಬೋಸಾನ್' ಎಂದು ಅವರ ಹೆಸರು ನಿಂತಿತು. ಅಂಥವರು 1948ರಲ್ಲಿ ವಂಗೀಯ ವಿಜ್ಞಾನ ಪರಿಷತ್ತನ್ನು ಕಟ್ಟಿ, ವಿಜ್ಞಾನವನ್ನು ತಾಯ್ನುಡಿಯಲ್ಲಿ ಹೇಳಲಾಗದೆಂಬುವರ ಬಾಯಿ ಮುಚ್ಚಿಸಿದರು. ಇನ್ನು 1907ರ ಎಂ.ಎ. ಆಗಿದ್ದ ರಾಜೇಂದ್ರಪ್ರಸಾದರು 1950ರಲ್ಲಿ ರಾಷ್ಟ್ರಪತಿಗಳಾಗಿ 1962ರಲ್ಲಿ ಭಾರತರತ್ನರಾದುದೂ, ಈ ವಿಶ್ವವಿದ್ಯಾಲಯದಿಂದಲೇ ಅರ್ಥಶಾಸ್ತ್ರದಲ್ಲಿ ಪದವಿ ಪಡೆದು ಹೊರಟ ಅಮರ್ತ್ಯ ಸೇನರು 1998ರಲ್ಲಿಯೂ ಅಭಿಜಿತ ಬ್ಯಾನರ್ಜಿಯವರು 2019ರಲ್ಲಿಯೂ ನೊಬೆಲ್ ಗೌರವವನ್ನು ಪಡೆದುದೂ ವಾಚಕರಿಗೆ ತಿಳಿದ ಸಂಗತಿಗಳೇ.

ಮತ್ತೆ ತಾಯ್ನುಡಿಯ ಮಾತಿಗೆ ಬರಬೇಕು. 1937ರ ಪದವೀದಾನ ಸಮಾರಂಭದ ಕಾಲಕ್ಕೆ ಆಶುತೋಷರ ಪುತ್ರರಾದ ಶ್ಯಾಮಾಪ್ರಸಾದರು ವೈಸ್ ಛಾನ್ಸಲರಾಗಿದ್ದರು. ಅವರು ಆಮಂತ್ರಿಸಿದುದು ರವೀಂದ್ರರನ್ನು. ಎಂಬತ್ತು ವರ್ಷಗಳಿಂದ ಇಂಗ್ಲಿಷಿನಲ್ಲಿಯೇ ನಡೆದು ಬಂದ ಘಟಿಕೋತ್ಸವದ ಭಾಷಣವು ಆ ದಿನ ಮೊದಲನೆಯ ಸಲ ವಂಗಭಾಷೆಯಲ್ಲಿ ನಡೆಯಿತು. 1891ರಲ್ಲಿ ಬಿದ್ದು ಹೋದ ಸೂಚನೆಯನ್ನು ತಂದವರೂ ಅದನ್ನು ಬೆಂಬಲಿಸಿದ ಬಂಕಿಮರೂ ಅದನ್ನು ಕೇಳಲು ಉಳಿದಿರಲಿಲ್ಲ.

1945ರಲ್ಲಿ ಜಗತ್ತಾರಿಣೀ ಪದಕವು ಕಾಜಿ ನಜ್ರುಲ್ ಇಸ್ಲಾಮರಿಗೆ ಸಂದಿತು. ಇವರು 1917ರಲ್ಲಿ ಶಾಲೆಯನ್ನು ಬಿಟ್ಟು ಸೈನ್ಯಕ್ಕೆ ಸೇರಿದ್ದವರು. ವಿದ್ರೋಹದ ಕವಿಯೆಂದು ಸೆರೆಮನೆಯನ್ನು ಕಂಡವರು. ಒಂದೇ ಕಂಠದಿಂದ ಕಾಳಿಯ ಕೀರ್ತನೆಗಳನ್ನೂ ಇಸ್ಲಾಮೀ ಗೀತಗಳನ್ನೂ ಹಾಡಿದವರು. ಪದಕ ಬಂದಾಗ ಅವರಿಗೆ ಮಾತು ನಿಂತು ಮೂರು ವರ್ಷಗಳಾಗಿದ್ದುವು. 1942ರಲ್ಲಿ ಅಡಸಿದ ರೋಗವು ಅವರ ವಾಣಿಯನ್ನೂ ನೆನಪನ್ನೂ ಕಸಿದುಕೊಂಡಿದ್ದಿತು. ತಾಯ್ನುಡಿಯನ್ನು ಶ್ರೀಮಂತಗೊಳಿಸಿದ್ದಕ್ಕಾಗಿ ಒಬ್ಬ ತಾಯಿಯ ಹೆಸರಿನಲ್ಲಿ ಸಂದ ಆ ಬಂಗಾರಕ್ಕೆ ಒಂದು ನುಡಿಯನ್ನಾದರೂ ಮರಳಿ ಕೊಡುವ ಶಕ್ತಿಯು ಅವರಲ್ಲಿ ಉಳಿದಿರಲಿಲ್ಲ. ಅದೇ ಮೌನದಲ್ಲಿ ಅವರು ಮತ್ತೆ ಮೂವತ್ತೊಂದು ವರ್ಷ ಬದುಕಿ, 1976ರಲ್ಲಿ ಢಾಕಾ ನಗರದಲ್ಲಿ ಕಣ್ಣು ಮುಚ್ಚಿದರು.